ಶನಿವಾರದ ವಿರೋಧ

ರಾಜ್ಯ ಒಂದಾದ ಮರುವರ್ಷ ಹೆಣ್ಣುಮಕ್ಕಳ ಶಾಲೆಯ ಹೆಡ್ಮಾಸ್ಟರ್ ವೆಂಕಟಸುಬ್ಬಯ್ಯನವರು ಬೆಂಗಳೂರಿನ ತರಬೇತಿ ಶಿಬಿರಕ್ಕೆ ಹೋಗಿ, ಬರುವಾಗ ಹೊಸ ಹುಚ್ಚೊಂದನ್ನು ಕಟ್ಟಿಕೊಂಡು ಬಂದರು. ಇನ್ನು ಪ್ರತಿ ಶನಿವಾರ ಸಭೆಯಂತೆ. ಅಲ್ಲಿ ಯಾರು ಬೇಕಾದರೂ ಅವರ ಮಾತಿಗೆ ಎದುರು ಹೇಳಬಹುದಂತೆ.

"ನನ್ನ ತಪ್ಪನ್ನ ನನ್ನ ಮುಂದೇನೇ ಹೇಳಿ. ನಂಗೇನೂ ಬೇಜಾರಿಲ್ಲ."

ಗಣಿತ ಹೇಳಿಕೊಡುತ್ತಿದ್ದ ವಸಂತಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಗಂಟೆ ತಡವಾಗಿ ಹೊಡೆಯಿತು ಎಂದಿದ್ದಕ್ಕೇ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದ ಮಹಾನುಭಾವರು ಇವರೇ ತಾನೆ!

ಮೊದಲ ಸಭೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಮುಂದಿನ ವಾರ ಡ್ರಾಯಿಂಗ್ ಮೇಷ್ಟ್ರು ಪುಟ್ಟಸ್ವಾಮಿ ಗಂಟಲು ಸರಿಮಾಡಿಕೊಂಡು ಎದ್ದ.

"ನಂದೊಂದು ವಿರೋಧ ಇದೆ ಸಾರ್. ತಾವು ಆರೋಗ್ಯ ಸ್ವಲ್ಪಾನೂ ನೋಡ್ಕೊಳ್ದೆ ಇಷ್ಟೊಂದು ದುಡಿಯೋದು ಸರಿಯಲ್ಲ."

ಹೆಡ್ಮಾಸ್ಟರರ ಕಣ್ಣು ತುಂಬಿ ಬಂತು. "ಇಂಥ ಧೈರ್ಯ ಬೇಕು ನೋಡಿ!" ಎಂದರು.

ಅದರಾಚೆಯ ಸಭೆಯಲ್ಲಿ ಪ್ರವಾಸದ ಮಾತು ಬಂತು. ಹುಡುಗಿಯರನ್ನೆಲ್ಲ ಮಧ್ಯಾಹ್ನ ಊಟವಾದ ಮೇಲೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುವುದು ಅವರ ಯೋಜನೆ. ಮಾರ್ಚ್ ತಿಂಗಳ ಬಿಸಿಲು. ವಸಂತಮ್ಮ ಎದ್ದು ನಿಂತಳು.

"ಕಲ್ಲು ಕಾದಿರುತ್ತೆ ಸಾರ್. ಎಷ್ಟೋ ಮಕ್ಕಳ ಕಾಲಲ್ಲಿ ಚಪ್ಪಲಿ ಇಲ್ಲ. ಬೆಳಿಗ್ಗೆ ಹೋಗೋಣ."

ಹೆಡ್ಮಾಸ್ಟರರ ಮುಖ ಕಪ್ಪಿಟ್ಟಿತು. "ವಿರೋಧ ಅಂದ್ರೆ ಅಡ್ಡಗಾಲು ಹಾಕೋದಲ್ಲ ಕಣಮ್ಮ. ಬೇರೆ ಯಾರಾದ್ರೂ ಹಾಗಂತೀರಾ?"

"ಹೇಳ್ಬುಡಿ, ನಾವೆಲ್ಲ ಇದ್ದೀವಿ" ಎಂದು ಸಭೆಗೆ ಮುಂಚೆ ಜಗಲಿಯಲ್ಲಿ ಅವಳನ್ನು ಹುರಿದುಂಬಿಸಿದ್ದ ಪುಟ್ಟಸ್ವಾಮಿ ಕಿಟಕಿಯಾಚೆಯ ಕಾಗೆಯನ್ನು ನೋಡುತ್ತ ಕೂತ. ಹೊಲಿಗೆ ಕಲಿಸುವ ಲಕ್ಷ್ಮಮ್ಮ ತಲೆ ಎತ್ತಲಿಲ್ಲ. ಕೋಲೆ ಬಸವಗಳು, ಎಂದುಕೊಂಡು ವಸಂತಮ್ಮ ಕೂತಳು.

ಪ್ರವಾಸ ಮೆಟ್ಟಿಲ ನಡುದಾರಿಯ ನಂದಿ ವಿಗ್ರಹದವರೆಗೂ ಮುಟ್ಟಲಿಲ್ಲ. ಇಬ್ಬರು ಹುಡುಗಿಯರು ತಲೆಸುತ್ತಿ ಬಿದ್ದರು, ಹಲವರ ಅಂಗಾಲಲ್ಲಿ ಬೊಬ್ಬೆ ಎದ್ದಿತು. ಹೆಡ್ಮಾಸ್ಟರರು ಕೊಡೆ ಹಿಡಿದುಕೊಂಡೇ ಏದುಸಿರು ಬಿಡುತ್ತಿದ್ದರು.

ಸೋಮವಾರವೇ ಸಭೆ ಸೇರಿತು. "ಇಷ್ಟು ಜನ ಇದ್ದೀರಿ. ಒಬ್ಬರಾದ್ರೂ ಹೇಳಬಾರದಿತ್ತೇ?" ಎಂದರು ಹೆಡ್ಮಾಸ್ಟರರು.

"ತಪ್ಪಾಯ್ತು ಸಾರ್," ಎಂದ ಪುಟ್ಟಸ್ವಾಮಿ.

ವಸಂತಮ್ಮನ ಮೈ ಉರಿದುಹೋಯಿತು. ಅವಳು ಬಾಯಿ ತೆರೆಯುವ ಮೊದಲೇ ಲಕ್ಷ್ಮಮ್ಮ ಎದ್ದಳು.

"ವಸಂತಮ್ಮ ಹೇಳಿದ್ರಲ್ಲ ಸಾರ್. ನೀವು ಕೇಳಲಿಲ್ಲ. ನಾವು ಬಾಯಿ ಮುಚ್ಕೊಂಡು ಕೂತ್ವಿ."

ಹೆಡ್ಮಾಸ್ಟರರು ಕನ್ನಡಕ ತೆಗೆದು ಒರೆಸಿದರು. "ಹಾಗೋ! ಇನ್ನೊಂದು ಸಲ ಅವರೇ ಕರ್ಕೊಂಡು ಹೋಗ್ಲಿ."

"ಆಗಲಿ ಸಾರ್. ಬೆಳಿಗ್ಗೆ ಐದಕ್ಕೆ ಎಲ್ಲ ಮಕ್ಕಳೂ ಇಲ್ಲಿ ಸೇರಲಿ," ಎಂದಳು ವಸಂತಮ್ಮ ಗತ್ತಿನಿಂದ.

ಲಕ್ಷ್ಮಮ್ಮ ಇನ್ನೂ ಕೂತಿರಲಿಲ್ಲ. "ಅದೂ ಆಗಲ್ಲ ಕಣ್ರೀ. ಊರಾಚೆ ಹೆಬ್ಬಾಳದಿಂದ ನಡ್ಕೊಂಡು ಬರೋ ಹುಡುಗೀರು ಕತ್ತಲಲ್ಲಿ ಎಂಗೆ ಬರ್ತಾರೆ?"

ಹೋದ ವಾರ ಎಲ್ಲಿ ಹೋಗಿತ್ತು ನಿಮ್ಮ ನಾಲಿಗೆ ಎಂಬ ಮಾತು ವಸಂತಮ್ಮನ ತುಟಿಯವರೆಗೂ ಬಂತು. ಹೆಡ್ಮಾಸ್ಟರರು ಕುತೂಹಲದಿಂದ ಅವಳನ್ನೇ ನೋಡುತ್ತಿದ್ದರು, ಮೂಗಿನ ಕೆಳಗೆ ಸಣ್ಣ ನಗೆ. ಈ ಮನುಷ್ಯನ ಹಾಗಾಗುವುದಕ್ಕಿಂತ ಬೇರೆ ಅವಮಾನವಿಲ್ಲ ಎನ್ನಿಸಿತು ಅವಳಿಗೆ. ಲಕ್ಷ್ಮಮ್ಮನ ಕಡೆ ತಿರುಗಿದಳು.

"ನಂಗದು ಹೊಳೀಲೇ ಇಲ್ಲ. ಏನ್ಮಾಡೋಣ, ಹೇಳಿ."

ಹಿಂದಿನ ಸಂಜೆಯೇ ಆ ಹುಡುಗಿಯರು ಲಕ್ಷ್ಮಮ್ಮನ ಮನೆಗೆ ಬಂದು ಮಲಗುವುದೆಂದಾಯಿತು. ತಂಪು ಹೊತ್ತಿನಲ್ಲಿ ಹತ್ತಿ, ಬಿಸಿಲೇರುವ ಮೊದಲೇ ಎಲ್ಲರೂ ದೇವಿಯ ದರ್ಶನ ಮಾಡಿದರು. ಬಸ್ಸಿನಲ್ಲಿ ಬಂದಿಳಿದ ಹೆಡ್ಮಾಸ್ಟರರು, ಇದು ತಮ್ಮ ಶನಿವಾರದ ಸಭೆಗಳ ಫಲವೆಂದು ಭಾಷಣ ಬಿಗಿದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಪುಟ್ಟಸ್ವಾಮಿ. ವಸಂತಮ್ಮ ಕೇಳಿಸಿಕೊಳ್ಳಲಿಲ್ಲ. ಮಕ್ಕಳನ್ನು ಮೊದಲು ಪುಳಿಯೋಗರೆಗೆ ಕೂರಿಸುವುದೋ, ಕೈಕಾಲು ತೊಳೆಸುವುದೋ ಎಂದು ಅವಳಿಗೂ ಲಕ್ಷ್ಮಮ್ಮನಿಗೂ ಜೋರು ವಾದ ನಡೆದಿತ್ತು.