ಎರಡು ಗರ್ಡರಿನ ಮಾಳಿಗೆ

“ಹೆಂಗಸರೆಲ್ಲ ಮ್ಯಾಲ ನಡೀರಿ, ಕೆಳಗ ಜಾಗಾ ಇಲ್ಲ!” ಎಂದು ತುಳಸಿರಾಮ ಕೂಗಿದ್ದೇ ತಡ, ಧಮ್ಮಶೀಲಾ ಗಂಡನ ಹೆಣದ ಬದಿಯಿಂದ ಎದ್ದು ಓಡಿದಳು. ಬಿಚ್ಚಿದ ಕೂದಲನ್ನೂ ಕಟ್ಟಿಕೊಳ್ಳಲಿಲ್ಲ. ಮಾಳಿಗೆಯ ಮೆಟ್ಟಿಲಿಗೆ ಕಾಲಿಟ್ಟಿದ್ದ ಮುದುಕಿಯೊಬ್ಬಳನ್ನು ಕೆಳಗಿಳಿಸಿ, ತಾನೇ ದಾರಿಗೆ ಅಡ್ಡವಾಗಿ ಮೆಟ್ಟಿಲ ಮೇಲೆ ಕೂತಳು.

“ಮ್ಯಾಲ ಯಾರೂ ಹೋಗಬ್ಯಾಡ್ರಿ.”

ಹೆಣ ಇಟ್ಟಿದ್ದ, ರಾಯಿಕೋಡ್ ಹತ್ತಿರದ ಆ ಊರಿನ ಬುದ್ಧ ವಿಹಾರದ ಹೊರಗೆ ಮಳೆ ಹಿಡಿದಿತ್ತು. ತೆಲಂಗಾಣ ಬೇಕೆಂಬ ಹರತಾಳಕ್ಕೆ ಬಸ್ಸುಗಳೆಲ್ಲ ಡಿಪೋದಲ್ಲೇ ನಿಂತಿದ್ದರೂ ಜನ ಟ್ರಾಕ್ಟರ್ ಹತ್ತಿ, ಇಲ್ಲವೇ ನಡೆದುಕೊಂಡು, ಬಂದೇ ಬಂದಿದ್ದರು. ಧಮ್ಮಶೀಲಾಳ ಗಂಡ ದೇವಿದಾಸ ಬದುಕಿದ್ದಾಗ ಅವನನ್ನು ಯಾರೂ ಹೊಗಳಿದವರಲ್ಲ. ಈಗ, ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುವಂತೆ, ಎಲ್ಲರ ಬಾಯಲ್ಲೂ ಅವನದೇ ಹೊಗಳಿಕೆ. ಜಹೀರಾಬಾದಿನಲ್ಲಿ ಕಟ್ಟಡದ ನಕ್ಷೆ ಮಾಡುವ ಆಫೀಸಿನಲ್ಲಿ, ಕಂಪ್ಯೂಟರ್ ಮುಂದೆ ಕೂತವನು ನಿನ್ನೆ ಎದೆ ಹಿಡಿದುಕೊಂಡು ಹಾಗೆಯೇ ಹೋಗಿಬಿಟ್ಟಿದ್ದ. ಸಾಯುವ ವಯಸ್ಸೇ ಅಲ್ಲ.

ತುಳಸಿರಾಮ ದೇವಿದಾಸನ ಚಿಕ್ಕಪ್ಪ, ವಿಹಾರದ ಸಮಿತಿಗೆ ಅಧ್ಯಕ್ಷ. ಅವನು ಮೆಟ್ಟಿಲ ಬುಡಕ್ಕೆ ಬಂದ.

“ಯಾಕವ್ವಾ, ಏನಾತು? ನಿನ್ನ ಗಂಡನೇ ಲೆಕ್ಕ ಹಾಕಿ ಕಟ್ಟಿಸಿದ ಮಾಳಗಿ ಅದ. ಇವತ್ತ ಅವನ ಹೆಸರಿಲೆ ಮಂದಿ ಅದರ ಮ್ಯಾಲ ಕುಂದರಲಿ.”

“ಅವರೇ ಬ್ಯಾಡ ಅಂದಿದ್ದರಲ್ಲ ಕಾಕಾ. ದಸರಾ ದಿನಾನೂ ಯಾರಿಗೂ ಹತ್ತಗೊಟ್ಟಿಲ್ಲ.”

“ಅವಂದು ಅಂಜುಬುರುಕ ಸ್ವಭಾವ. ಚಹಾದಾಗ ಬೆರಳು ಅದ್ದಿ ನೋಡಿ ಕುಡೀತಿದ್ದ.”

ಸಾವಿನ ಮನೆಯಲ್ಲೂ ಯಾರೋ ನಕ್ಕರು. ಧಮ್ಮಶೀಲಾ ನಗಲಿಲ್ಲ. ಕಾರಣ ಹೇಳಿದರೆ ಗಂಡನ ಹೆಸರು ಹೋಗುತ್ತದೆ. ಹೇಳದಿದ್ದರೆ ಎಷ್ಟು ಜೀವ ಹೋದಾವೋ.

*

ಮಾಳಿಗೆ ಕಟ್ಟುವಾಗ ಹೊಸ ತೊಲೆ ತರುವ ಶಕ್ತಿ ಸಮಿತಿಗೆ ಇರಲಿಲ್ಲ. ಮುಚ್ಚಿಹೋದ ಗಿರಣಿಯೊಂದರ ಹಳೆಯ ಕಬ್ಬಿಣದ ಗರ್ಡರುಗಳು ಸಿಕ್ಕಿದ್ದವು. ಆದರೆ ಭಾರ ಹೊರಲು ಅವುಗಳ ಎತ್ತರ ಸಾಲದು. ಒಂದರ ಮೇಲೊಂದು ಕೂಡಿಸಿದರೆ ತಾಳುತ್ತದೆ ಎಂದು ದೇವಿದಾಸ ಹೇಳಿದ.

ಅಂಥ ಜೋಡಿ ತೊಲೆ ಸಾಫ್ಟ್‌ವೇರಿನಲ್ಲಿ ಸಿದ್ಧವಾಗಿ ಇರಲಿಲ್ಲ. ತೊಲೆಯನ್ನು ಅಡ್ಡ ಕೊಯ್ದರೆ ಹೇಗೆ ಕಾಣುತ್ತದೋ ಹಾಗೆ, ಮೂಲೆ ಮೂಲೆಗೂ ಚುಕ್ಕಿ ಇಟ್ಟು, ತಾನೇ ಬಿಡಿಸಿದ. ತೆರೆಯ ಮೇಲೆ ಎರಡೂ ಬೆರೆತು ಒಂದೇ ತುಂಡಾದವು, ನಡುವಿನ ಗೆರೆ ಮಾಯವಾಯಿತು. ಒಂದೇ ತುಂಡಿನ ಲೆಕ್ಕದಲ್ಲಿ ತೊಲೆ ಪಾಸಾಯಿತು. ಹಿಗ್ಗಿನಲ್ಲೇ ನಕ್ಷೆ ತೆಗೆದು ಕೊಟ್ಟ. ಆ ಗೆರೆಯುದ್ದಕ್ಕೂ ವೆಲ್ಡಿಂಗ್ ಮಾಡಬೇಕೆಂದು ಬರೆಯುವುದು ಮರೆತೇಹೋಯಿತು. ಕಣ್ಣೆದುರು ಗೆರೆಯೇ ಇರಲಿಲ್ಲವಲ್ಲ.

ವೆಲ್ಡರ್ ಬಂಡೆಪ್ಪ ನಕ್ಷೆಯಲ್ಲಿ ಇದ್ದಷ್ಟು ಮಾಡಿದ. ಎರಡು ತುದಿಗೆ ಬೆಸುಗೆ ಹಾಕಿ ಗರ್ಡರುಗಳನ್ನು ಏರಿಸಿದ. ಮೇಲೆ ತಾಂಡೂರು ಕಲ್ಲೂ ಹಾಸಿ ಆಯಿತು. ಆಮೇಲೆ ಒಂದು ದಿನ ಕತ್ತೆತ್ತಿ ನೋಡಿದ ದೇವಿದಾಸನಿಗೆ ಎರಡು ಗರ್ಡರುಗಳ ನಡುವೆ ಬೆಳಕಿನ ಎಳೆ ಕಂಡಿತು.

ಅವತ್ತು ಮನೆಗೆ ಬಂದವನೇ ಮಗಳ ಎರಡು ಪ್ಲಾಸ್ಟಿಕ್ ಸ್ಕೇಲುಗಳನ್ನು ಒಂದರ ಮೇಲೊಂದು ಇಟ್ಟು, ಬಗ್ಗಿಸಿ, ಹೆಂಡತಿಗೆ ತೋರಿಸಿದ.

“ನೋಡು, ಜಾರ್ತಾವ. ಇವು ಎರಡದಾವ. ನಾ ಒಂದೇ ಅಂತ ಲೆಕ್ಕ ಹಾಕೀನಿ. ಇವತ್ತ ಬ್ಯಾರೆ ಬ್ಯಾರೆ ಇಟ್ಟು ಮತ್ತ ಲೆಕ್ಕ ಹಾಕಿ ನೋಡಿದೆ. ಮಂದಿ ಕೂತರ ತಾಳಂಗಿಲ್ಲ.”

“ಕಾಕಾಗ ಹೇಳ್ರಿ.”

“ಹೇಳ್ತೀನಿ. ಕರೆಂಟ್ ಬರಲಿ, ಮೊದಲ ಬಂಡೆಪ್ಪನ ಕೈಲೆ ವೆಲ್ಡಿಂಗ್ ಮಾಡಸ್ತೀನಿ, ಆಮ್ಯಾಲ ಹೇಳ್ತೀನಿ.”

ಕಲ್ಲಿದ್ದಲ ಗಣಿಯವರೂ ಹರತಾಳಕ್ಕೆ ಇಳಿದಿದ್ದರಿಂದ ಕರೆಂಟು ಬಂದರೂ ನಿಲ್ಲುತ್ತಿರಲಿಲ್ಲ. ಮಾಳಿಗೆ ಇನ್ನೂ ಕಚ್ಚಾ ಅದ ಎನ್ನುತ್ತ ದೇವಿದಾಸ ದಿನ ತಳ್ಳಿದ. ಮನುಷ್ಯ ಒಳ್ಳೆಯವನೇ. ಆದರೆ ಮುಖ ಉಳಿಸಿಕೊಳ್ಳಲು ಒಳ್ಳೆಯವರೂ ಇಂಥ ಹುಚ್ಚುತನ ಮಾಡುತ್ತಾರೆ.

*

“ಗರ್ಡರು ತಾಳಂಗಿಲ್ಲ ಕಾಕಾ,” ಎಂದಷ್ಟೇ ಹೇಳಿದಳು ಧಮ್ಮಶೀಲಾ.

“ಹಂಗಾದರ ಬಂಡೆಪ್ಪಂದೇ ಕೆಲಸ ಹಾಳು ಅನ್ನು!” ತುಳಸಿರಾಮನ ದನಿ ಏರಿತು. “ಏನೋ ಬಂಡೆಪ್ಪಾ, ಏನು ಮಾಡಿ ಇಟ್ಟೀದಿ?”

ಬಾಗಿಲಲ್ಲಿ ತೊಯ್ದು ನಿಂತಿದ್ದ ಬಂಡೆಪ್ಪ ಬೆದರಿದ. “ನಕ್ಷಾದಾಗ ಇದ್ದಂಗ ಮಾಡೀನ್ರಿ, ನನ್ನ ಮಕ್ಕಳ ಆಣಿ!” ಗಂಡಸರು ಅವನ ಸುತ್ತ ನೆರೆದರು. ಯಾರೋ ಅವನ ಅಂಗಿಗೆ ಕೈ ಹಾಕಿದ.

“ಬಿಡ್ರಿ ಅವರಿಗಿ!” ಧಮ್ಮಶೀಲಾ ಚೀರಿದಳು. “ಗಲತಿ ಬಂಡೆಪ್ಪಣ್ಣಂದಲ್ಲ, ನನ್ನ ಗಂಡಂದು. ವೆಲ್ಡಿಂಗ್ ಬರಿಯಾಕ ಅವರೇ ಮರತಾರ. ಎಲ್ಲರೂ ಹತ್ತಿದರ ಮಾಳಗಿ ಮುರದು ಬೀಳ್ತದ ಅಂತ ಅವರೇ ನನಗ ಹೇಳ್ಯಾರ.”

ಹೆಣದ ಪಕ್ಕದಿಂದ ದೇವಿದಾಸನ ತಾಯಿ ಎಲ್ಲಮ್ಮ ತಲೆ ಎತ್ತಿದಳು.

“ಹೆಣ ಇನ್ನಾ ಎದುರಿಗಿ ಅದ. ಮಣ್ಣು ಆಗೋತನಕಾದರೂ ಬಾಯಿ ಮುಚ್ಚಿಕೊಂಡು ಇರಲಿಲ್ಲಲ್ಲ ನೀ!”

ಧಮ್ಮಶೀಲಾಳಿಗೆ ಅಳು ಒತ್ತಿ ಬಂತು. ಆದರೂ ಮೆಟ್ಟಿಲು ಬಿಟ್ಟು ಏಳಲಿಲ್ಲ. ತುಳಸಿರಾಮ ಏನನ್ನೋ ಗೊಣಗುತ್ತ ಹೊರಗೆ ನಡೆದ. ಬಂಡೆಪ್ಪ ಅಲ್ಲೇ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ.

ಹೂವು ಹಾಕುವ ಹೊತ್ತಾಯಿತು. ಕಡೆಯ ಸಲ ಮುಖ ನೋಡಲು ಬರಬೇಕೆಂದು ಅವಳನ್ನು ಕರೆದರು. ಅಷ್ಟರಲ್ಲಿ ಇನ್ನೊಂದು ಟ್ರಾಕ್ಟರ್ ಬಂದು ಹೊಸ ಜನ ಒಳಗೆ ನುಗ್ಗಿತು. ಮೊದಲಿನ ಮಾತು ಕೇಳಿಸಿಕೊಂಡಿರದ ಅವರು ಖಾಲಿ ಮಾಳಿಗೆಯ ಕಡೆಗೇ ನೋಡುತ್ತಿದ್ದರು. ಎದ್ದು ಹೋದರೆ ಅವರನ್ನು ತಡೆಯುವವರು ಯಾರು? ಅವಳು ಕೂತಲ್ಲೇ ಕೂತಳು. ಅವಳ ಕಣ್ಣಿಗೆ ಜನರ ಬೆನ್ನುಗಳಷ್ಟೇ ಕಾಣುತ್ತಿದ್ದವು.

ಆ ಬೆನ್ನುಗಳನ್ನು ಸರಿಸಿಕೊಂಡು ಎಲ್ಲಮ್ಮ ಬಂದಳು. ಬೈಯಲು ಬಂದಳೆಂದು ಧಮ್ಮಶೀಲಾ ತಲೆ ತಗ್ಗಿಸಿದಳು.

“ಏಳು. ನಾ ಕುಂದರ್ತೀನಿ, ನೀ ಹೋಗು.”

“ಅತ್ತಿ, ನೀವು ಮಾರಿ ನೋಡಲ್ಲೇನ್ರಿ? ಈಗ ಎತ್ತತಾರ.”

“ಅವನ್ನ ಎಲ್ಲರಕಿಂತ ಮೊದಲ ನಾ ನೋಡೀನಿ. ಕಡೀಗಿ ನೀ ನೋಡು.”

ಧಮ್ಮಶೀಲಾ ಎದ್ದು ಓಡಿದಳು. ಎಲ್ಲಮ್ಮ ಗೋಡೆಗೆ ಬೆನ್ನು ಕೊಟ್ಟು, ನೋಯುವ ಕಾಲನ್ನು ಎಳೆದು ಅಡ್ಡಕ್ಕೆ ಚಾಚಿದಳು. ಬುದ್ಧಂ ಶರಣಂ ಎನ್ನುತ್ತ ಚಟ್ಟ ಎತ್ತಿದರು, ಎಲ್ಲರೂ ಬಾಗಿಲ ಕಡೆ ತಿರುಗಿದರು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡ ಹುಡುಗಿಯೊಬ್ಬಳು, ಮೇಲಿನಿಂದ ಚೆನ್ನಾಗಿ ಕಾಣುತ್ತದೆಂದು, ಆ ಕಾಲು ದಾಟಲು ಹೋದಳು. ಎಲ್ಲಮ್ಮ ಬಾಗಿಲ ಕಡೆ ನೋಡದೆ ಅವಳ ಸೆರಗು ಹಿಡಿದೆಳೆದು, ಕೂಸಿನ ಸಮೇತ, ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.