ಅನಾನಸಿನ ಓರೆಸಾಲು

ನಮ್ಮ ಯಜಮಾನರು ನಂಜುಂಡಯ್ಯನವರು ಚೆನ್ನೈನ ಕಾಲೇಜಿನಲ್ಲಿ ಗಣಿತ ಹೇಳಿದವರು. ನಾನು ಹೂ ಮುಡಿದರೆ ಚೆನ್ನಾಗಿದೆ ಎನ್ನುವ ಬದಲು ದಳ ಎಣಿಸುವ ಪೈಕಿ. ಮನೆಗೆ ಅನಾನಸು ಬಂದರಂತೂ ಮುಗಿಯಿತು. ಅದರ ಮೈಮೇಲಿನ ಕಣ್ಣುಗಳು ಓರೆಸಾಲಾಗಿ ಸುತ್ತುತ್ತವಂತೆ, ಬಲಕ್ಕೆ ಎಂಟು ಸಾಲು, ಎಡಕ್ಕೆ ಹದಿಮೂರು.

"ಕವಿ ಪದದಲ್ಲಿ ಹೇಳೋದನ್ನ ಇದು ಲೆಕ್ಕದಲ್ಲಿ ಹೇಳ್ತಿದೆ ಕಣೇ ಸುಗುಣಾ. ಒಂದ್ಸಲ ಎಣಿಸಿ ನೋಡು."

"ನಿಮ್ಮ ಪುರಾಣ ಸಾಕು. ಹೆಚ್ಚಿ ಕೊಡ್ತೀನಿ, ತಿನ್ನಿ" ಎಂದು ಈಳಿಗೆಮಣೆ ಎಳೆದುಕೊಳ್ಳುತ್ತಿದ್ದೆ. ಒಮ್ಮೆಯೂ ಎಣಿಸಲಿಲ್ಲ. ಅಡುಗೆಮನೆಯಲ್ಲಿ ನಿಂತವಳಿಗೆ ಅದಕ್ಕೆಲ್ಲ ಪುರಸೊತ್ತು ಎಲ್ಲಿ?

ಎರಡು ಸಾವಿರದ ಎರಡರಲ್ಲಿ ಅವರಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಅಡ್ಯಾರಿನ ಆಸ್ಪತ್ರೆಯಲ್ಲಿ ಹಗಲೆಲ್ಲ ಅವರ ತುಟಿಯನ್ನೇ ನೋಡುತ್ತ ಕೂತಿರುತ್ತಿದ್ದೆ. ನನ್ನ ಹೆಸರು ಬೇಡ, ಬೈಗುಳವಾದರೂ ಸರಿ, ನನಗೆಂದು ಒಂದು ಮಾತು ಬಂದರೆ ಸಾಕಿತ್ತು.

ಪಕ್ಕದ ಮನೆಯ ತುಂಗಾ ನೋಡಲು ಬಂದವಳು ಅನಾನಸು ತಂದು ಮೇಜಿನ ಮೇಲಿಟ್ಟಳು. ಕಾಯಿಲೆಯವರ ಮುಂದೆ ಉಷ್ಣದ ಹಣ್ಣು! ಅವಳು ಹೋದದ್ದೇ ತಡ, ಎತ್ತಿ ಆಯಾ ಕೈಗೆ ಕೊಟ್ಟುಬಿಟ್ಟೆ. ಇವರು ಎಡಗೈ ಚಾಚಿ ಗೊರಗೊರ ಎಂದರು, ಕಣ್ಣಲ್ಲಿ ನೀರು. ನೋವಿರಬೇಕೆಂದು ನರ್ಸನ್ನು ಕರೆದೆ.

ಸಂಜೆ ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಆಸ್ಪತ್ರೆಯಿಂದ ಮಗಳು ಕೃತಿಯ ಫೋನು. ಇಲ್ಲೇ ಬೆಳೆದ ಅವಳ ಮಾತಿನಲ್ಲಿ ಅರ್ಧ ತಮಿಳು.

"ಅಮ್ಮಾ, ಅಪ್ಪಾ ಏದೋ ಉಳರ್‌ರಾರು. ಎಂಟು, ಹದಿಮೂರು ಅಂತ ಅದನ್ನೇ ಹೇಳ್ತಾ ಇದಾರೆ."

ಅವಳಿಗದು ಬಡಬಡಿಕೆ. ನಾನು ಫೋನು ಹಿಡಿದುಕೊಂಡೇ ಅತ್ತೆ. ಅಷ್ಟು ಕಾದ ಮಾತು ಬಂದಿತ್ತು, ಕೇಳಲು ನಾನಿರಲಿಲ್ಲ.

ರಾತ್ರಿ ಆಸ್ಪತ್ರೆಯಲ್ಲಿ ಒಬ್ಬರಿಗಷ್ಟೇ ಜಾಗ. ಬೆಳಗಾಗುತ್ತಲೇ ಕೋಯಂಬೇಡಿನ ಹಣ್ಣಿನ ಮಾರುಕಟ್ಟೆಗೆ ಹೋದೆ. ರಾಶಿಯೆಲ್ಲ ತಡಕಿ, ಕಣ್ಣುಗಳು ಚೆನ್ನಾಗಿ ಉಬ್ಬಿದ ಒಂದು ಹಣ್ಣು ಆರಿಸಿದೆ. "ವೆಟ್ಟಿ ತರವಾ ಮಾ?" ಎಂದು ಅಂಗಡಿಯವನು ಕತ್ತಿ ಎತ್ತಿದ. ಕತ್ತರಿಸಿದರೆ ನೋಡು ಎಂದು ಅವನ ಕೈಯಿಂದ ಹಣ್ಣು ಕಿತ್ತುಕೊಂಡು ಆಟೋ ಹತ್ತಿದೆ.

ಆಸ್ಪತ್ರೆಗೆ ಬಂದರೆ ಇವರ ಕಣ್ಣು ಅರೆ ಮುಚ್ಚಿತ್ತು, ಉಸಿರು ತೇಕುತ್ತಿತ್ತು. ಹಣ್ಣನ್ನು ಹಾಸಿಗೆಯ ಮೇಲೆ ನಿಲ್ಲಿಸಿ, ಅವರ ಬೆರಳು ಹಿಡಿದು ಮೊದಲ ಸಾಲಿನ ಮೇಲಿಟ್ಟೆ.

"ರೀ, ನೋಡಿ, ಎಣಿಸ್ತಾ ಇದೀನಿ. ತಪ್ಪಿದ್ರೆ ಹೇಳಿ."

ಬಲಕ್ಕೆ ಎಂಟು ಸರಿಹೋಯಿತು. ಹಣ್ಣನ್ನು ತಿರುಗಿಸುತ್ತ ಎಡಕ್ಕೆ ಶುರುಮಾಡಿದೆ. ಒಂಬತ್ತನೆಯದಕ್ಕೆ ಬಂದಾಗ ಕೃತಿ ನನ್ನ ಭುಜ ಹಿಡಿದಳು.

"ಅಮ್ಮಾ, ಪೋದುಂ, ಸಾಕು. ಅಪ್ಪಾ ಹೋಗ್ಬಿಟ್ರು."

ಬೆರಳು ನನ್ನ ಕೈಯಲ್ಲಿ ಇನ್ನೂ ಬೆಚ್ಚಗಿತ್ತು.

"ಸುಮ್ನಿರೇ, ಎಣಿಕೆ ತಪ್ಪುತ್ತೆ" ಎಂದೆ.