ಸವ್ಸನ್ ಬೆಸೆದ ನಾಲ್ಕು ಪ್ಯಾನೆಲ್

ಬಂದವರು ಏಣಿಯನ್ನೂ ತಂದಿರಲಿಲ್ಲ. ಸವ್ಸನ್ ಮನೆಯ ಏಣಿಯನ್ನೇ ಕೇಳಿ ಪಡೆದು, ಹಳ್ಳಿಯ ಆಸ್ಪತ್ರೆಯ ಮೇಲೆ ಅವಳೇ ಕೂರಿಸಿದ್ದ ನಾಲ್ಕು ಸೋಲಾರ್ ಪ್ಯಾನೆಲ್‌ಗಳನ್ನು ಬಿಚ್ಚಿ ಇಳಿಸಿದರು. ಆಸ್ಪತ್ರೆ ಎಂದರೆ ಎರಡೇ ಕೋಣೆ. ಒಂದರಲ್ಲಿ ಹೆರಿಗೆ ಮಂಚ, ಇನ್ನೊಂದರಲ್ಲಿ ಮಕ್ಕಳ ಲಸಿಕೆ ಇಡುವ ಪುಟ್ಟ ಫ್ರಿಜ್ಜು. ಬೆಟ್ಟದ ಸಂದಿಯ ದರಬೋಲೊ ಹಳ್ಳಿಗೆ ಇದ್ದದ್ದು ಅಷ್ಟೇ.

"ಸರ್ಟಿಫಿಕೇಟ್ ಇಲ್ಲ ಖೋಲಾ," ಎಂದ ಸೈಮುದ್ದೀನ್, ಜಿಲ್ಲಾ ಕೇಂದ್ರದಿಂದ ಬಂದಿದ್ದ ಇನ್‌ಸ್ಪೆಕ್ಟರ್. "ಮನೇಲಿ ಮಾಡಿದ್ದನ್ನ ಸರ್ಕಾರಿ ಕಟ್ಟಡದ ಮೇಲೆ ಇಡೋ ಹಾಗಿಲ್ಲ. ಬೆಂಕಿ ಗಿಂಕಿ ಹತ್ತಿದ್ರೆ ಯಾರು ಹೊಣೆ?"

ಖೋಲಾ ಎಂದರೆ ಚಿಕ್ಕಮ್ಮ. ಬಾಯಲ್ಲಿ ಚಿಕ್ಕಮ್ಮ, ಕೈಯಲ್ಲಿ ಸ್ಪ್ಯಾನರು.

"ಎರಡು ಚಳಿಗಾಲ ಹತ್ತದ ಬೆಂಕಿ ನೀನು ಬಂದ ದಿನವೇ ಹತ್ತುತ್ತಾ?" ಎಂದಳು ಸವ್ಸನ್. "ಒಳಗೆ ಲಸಿಕೆ ಇದೆ ಕಣಪ್ಪ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನಿಮ್ಮ ಕರೆಂಟು. ಮಿಕ್ಕ ಹೊತ್ತು ಫ್ರಿಜ್ಜು ಏನು ಗಾಳಿ ಕುಡಿದು ಬದುಕಬೇಕಾ?"

"ನಿಯಮ ನಾನು ಮಾಡಿದ್ದಲ್ಲ."

ಪ್ಯಾನೆಲ್‌ಗಳು ಜೀಪಿನ ಹಿಂದೆ ಹೋದವು. ಅವಳ ಗಂಡ ಇಸ್ಮತ್ ಬೇಲಿಯ ಪಕ್ಕ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. "ಅವರ ಜೊತೆ ಬಾಯಿ ಮಾಡಬೇಡ, ನಮ್ಮನೆ ಮೀಟರನ್ನೂ ಕಿತ್ಕೊಂಡು ಹೋದಾರು," ಎಂದು ಪಿಸುಗುಟ್ಟಿದ. ಸವ್ಸನ್ ಅವನನ್ನು ತಿರುಗಿಯೂ ನೋಡಲಿಲ್ಲ.

ಸೋವಿಯತ್ ಕಾಲ ಮುಗಿಯುವ ಹೊತ್ತಿಗೆ ಅವಳು ಉತ್ತರದ ಒಂದು ಪಟ್ಟಣದ ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಹುಡುಗಿ. ದೇಶ ಒಡೆಯಿತು, ಕಾರ್ಖಾನೆ ಮುಚ್ಚಿತು, ಮದುವೆಯಾಗಿ ಈ ಬೆಟ್ಟಕ್ಕೆ ಬಂದಳು. ಕೈ ಮಾತ್ರ ಕಲಿತದ್ದನ್ನು ಮರೆಯಲಿಲ್ಲ. ಊರಿನ ರೇಡಿಯೊ, ಇಸ್ತ್ರಿಪೆಟ್ಟಿಗೆ, ಟಾರ್ಚು ಎಲ್ಲವೂ ಅವಳ ಮನೆಗೇ ಬರುತ್ತಿದ್ದವು. ಒಂದು ಹೆರಿಗೆಯಲ್ಲಿ ಟಾರ್ಚು ಹಿಡಿದು ನಿಂತಿದ್ದ ಅವಳ ಕೈ ಸೋತು ಟಾರ್ಚು ಬಿದ್ದು, ನರ್ಸ್ ಗುಲಂದೋಮ್ ಕತ್ತಲಲ್ಲೇ ಹೊಕ್ಕುಳಬಳ್ಳಿ ಕತ್ತರಿಸಬೇಕಾಗಿ ಬಂತು. ಅದಾದ ವಾರಕ್ಕೆ ಸವ್ಸನ್ ರಾಜಧಾನಿಯ ಸಂತೆಗೆ ಹೋಗಿ, ಮೂಲೆ ಮುರಿದವೆಂದು ಯಾರೂ ಕೊಳ್ಳದ ಸೋಲಾರ್ ಸೆಲ್‌ಗಳ ಎರಡು ಪೆಟ್ಟಿಗೆ ಹೊತ್ತು ತಂದಳು.

ಆ ಸೆಲ್‌ಗಳು ಹಪ್ಪಳಕ್ಕಿಂತ ತೆಳು. ಉಸಿರು ಜೋರಾದರೂ ಬಿರುಕು ಬಿಡುವಂಥವು. ಬೆಳಗಿನ ಎರಡು ಗಂಟೆ ಕರೆಂಟಿನಲ್ಲಿ ಸೋಲ್ಡರಿಂಗ್ ಐರನ್ ಕಾಯಿಸಿ, ಒಂದು ಸೆಲ್ಲಿನ ಮುಖದಿಂದ ಇನ್ನೊಂದರ ಬೆನ್ನಿಗೆ ತವರ ಬಳಿದ ಚಪ್ಪಟೆ ತಂತಿ ಎಳೆದು ಬೆಸೆಯಬೇಕು. ಒಂದು ಪ್ಯಾನೆಲ್ಲಿಗೆ ಮೂವತ್ತಾರು. ಒಂದೇ ಒಂದು ತಿರುಗಾಮುರುಗಾ ಆದರೂ ಇಡೀ ಸಾಲು ಹಾಳು. ಕಾವು ಹೆಚ್ಚಾದರೆ ಸೆಲ್ಲು ಸಿಡಿಯುತ್ತದೆ, ಕಡಿಮೆಯಾದರೆ ಬೆಸುಗೆ ಕಚ್ಚುವುದಿಲ್ಲ. ಮೊದಲ ಪ್ಯಾನೆಲ್ಲಿನೊಳಗೆ ಮಳೆ ನೀರು ಇಳಿದು ಎಲ್ಲವೂ ಹಸಿರುಗಟ್ಟಿತು. ಅದನ್ನು ಬಿಚ್ಚಿ ಮತ್ತೆ ಮೊದಲಿಂದ ಕೂತಳು. ಹಳೇ ಕಿಟಕಿಯ ಗಾಜು, ಇಸ್ಮತ್ ಕೊಯ್ದು ಕೊಟ್ಟ ಚೌಕಟ್ಟು, ಲಾರಿಯೊಂದರ ಬ್ಯಾಟರಿ. ಆ ವರ್ಷ ಮೊದಲ ಹಿಮ ಬೀಳುವ ಮುಂಚೆ ಹೆರಿಗೆ ಕೋಣೆಯಲ್ಲಿ ಬಿಳಿ ದೀಪ ಹತ್ತಿತು, ಫ್ರಿಜ್ಜು ಗುಂಯ್ ಎಂದಿತು.

ಅದನ್ನೇ ಈಗ ಬಿಚ್ಚಿಕೊಂಡು ಹೋದರು.

ಮೂರನೇ ದಿನ ಗುಲಂದೋಮ್ ಲಸಿಕೆಯ ಸೀಸೆಗಳನ್ನೆಲ್ಲ ಒಂದು ಬಕೆಟ್ಟಿಗೆ ಹಾಕಿ ಸವ್ಸನ್ ಮುಂದೆ ತಂದಿಟ್ಟಳು. "ಎಲ್ಲಾ ಕೆಟ್ಟವು ಖೋಲಾ. ಹದಿನಾಲ್ಕು ಮಕ್ಕಳದ್ದು. ಹೊಸದು ಕೊಡಿ ಅಂದ್ರೆ, ಜಿಲ್ಲೆಯವರು ಮೊದಲು ಫ್ರಿಜ್ಜು ಸರಿ ಮಾಡ್ಕೊಳ್ಳಿ ಅಂತಾರೆ."

ಹದಿನಾಲ್ಕರಲ್ಲಿ ಒಂದು ನೆರೆಯ ಝೇವರ್‌ಳ ಕೂಸು. ಎರಡು ವಾರ ಕಳೆಯುವಷ್ಟರಲ್ಲಿ ಪಕ್ಕದ ಕಣಿವೆಯಿಂದ ದಡಾರ ಬಂತು, ಆ ಕೂಸಿಗೇ ತಗುಲಿತು. ಮೈತುಂಬ ಕೆಂಪು ಎದ್ದ ಮಗುವನ್ನು ಕುರಿಯ ಚರ್ಮದಲ್ಲಿ ಸುತ್ತಿ ಜಿಲ್ಲಾ ಆಸ್ಪತ್ರೆಗೆ ಒಯ್ದದ್ದನ್ನು ಕಂಡ ಸವ್ಸನ್ ಮರುದಿನ ಬೆಳಿಗ್ಗೆಯೇ ಬಾಡಿಗೆ ಕಾರು ಹತ್ತಿದಳು.

ಜಿಲ್ಲಾ ಕಚೇರಿಯಲ್ಲಿ ಸೈಮುದ್ದೀನ್ ಅವಳಿಗೆ ಕುರ್ಚಿ ಕೊಟ್ಟ, ಚಹಾ ತರಿಸಿದ.

"ಒಂದು ಪ್ಯಾನೆಲ್ ರಾಜಧಾನಿಗೆ ಕಳಿಸಿ, ಪರೀಕ್ಷೆ ಆಗಿ, ಸೀಲು ಬೀಳಬೇಕು ಖೋಲಾ. ಆರು ತಿಂಗಳು ಹಿಡೀಬಹುದು."

"ನನ್ನ ಪ್ಯಾನೆಲ್ ಎಲ್ಲಿವೆ?"

"ಗೋದಾಮಲ್ಲಿ. ಸೀಲ್ ಹಾಕಿಟ್ಟಿದೀವಿ."

"ಒಂದ್ಸಲ ತೋರ್ಸು."

"ಬೀಗದ ಕೈ ಇರೋನು ರಜೆ ಮೇಲಿದಾನೆ. ಯಾಕೆ ಖೋಲಾ ಈ ವಯಸ್ಸಲ್ಲಿ ಕರೆಂಟಿನ ಸಹವಾಸ? ಮೊಮ್ಮಕ್ಕಳನ್ನ ಆಡಿಸ್ಕೊಂಡು ಇರಬಾರದಾ?"

ಅವಳಿಗೆ ಮೊಮ್ಮಕ್ಕಳಿರಲಿಲ್ಲ. ಚಹಾ ಮುಟ್ಟದೆ ಎದ್ದು ಬಂದಳು.

ವಾಪಸು ಬರುವಾಗ ಜಿಲ್ಲಾ ಕೇಂದ್ರದ ಅಂಚಿನಲ್ಲೇ ಕಾರಿನ ಚಕ್ರ ಪಂಕ್ಚರ್ ಆಯಿತು. ಡ್ರೈವರ್ ಆಶೂರ್ ಜಾಕ್ ಹಾಕುತ್ತಿರುವಾಗ ಸವ್ಸನ್ ರಸ್ತೆ ಬದಿಗೆ ನಿಂತು, ಎದುರಿನ ಹೊಸ ಮನೆಯತ್ತ ಸುಮ್ಮನೆ ಕಣ್ಣು ಹಾಯಿಸಿದಳು. ತಗಡಿನ ಮಾಡು. ಅದರ ಮೇಲೆ ನಾಲ್ಕು ಪ್ಯಾನೆಲ್. ಅಂಗಡಿಯ ಪ್ಯಾನೆಲ್ಲಿನಲ್ಲಿ ಸೆಲ್‌ಗಳು ಸೈನಿಕರ ಹಾಗೆ ಒಂದೇ ಸಮ ನಿಂತಿರುತ್ತವೆ. ಇಲ್ಲಿ ಮೂಲೆ ಮುರಿದವು, ಎರಡು ತುಂಡು ಕೂಡಿಸಿದವು, ಸಾಲಿನಿಂದ ಒಂದಿಷ್ಟು ಸೊಟ್ಟ ಕೂತವು. ತನ್ನ ಕೈಬರಹ ತನಗೆ ಗೊತ್ತಾಗದೆ ಇರುತ್ತದೆಯೇ?

"ಆಶೂರ್, ಆ ಮನೆ ಯಾರದು?"

"ಅದಾ? ಇನ್‌ಸ್ಪೆಕ್ಟರ್ ಸೈಮುದ್ದೀನ್‌ದು. ಯಾಕೆ ಖೋಲಾ?"

ಉತ್ತರ ಕೊಡುವಷ್ಟು ಹೊತ್ತು ಅವಳು ಅಲ್ಲಿರಲಿಲ್ಲ. ಆಗಲೇ ಗೇಟು ಬಡಿಯುತ್ತಿದ್ದಳು.

ಬಾಗಿಲು ತೆಗೆದದ್ದು ಬೆನ್ನು ಬಾಗಿದ ಮುದುಕಿ. ಬಂದವಳು ಯಾರು, ಏಕೆ ಎಂದೂ ಕೇಳದೆ ಕೈ ಹಿಡಿದು ಒಳಗೆ ಕೂರಿಸಿ, ರೊಟ್ಟಿ ಮುರಿದು ಮುಂದಿಟ್ಟು, ಹಸಿರು ಚಹಾ ಸುರಿದಳು. ಸವ್ಸನ್ ಬೇಡವೆನ್ನಲು ಬಾಯಿ ತೆರೆದಳು. ಅತಿಥಿಗೆಂದು ಮುರಿದ ರೊಟ್ಟಿಯನ್ನು ಬೇಡವೆನ್ನುವುದು ಹೇಗೆ? ಒಂದು ತುಣುಕು ಬಾಯಿಗೆ ಹಾಕಿಕೊಂಡಳು. ಮೂಲೆಯಲ್ಲಿ ಟಿವಿ ಓಡುತ್ತಿತ್ತು.

"ಕರೆಂಟು ಇಲ್ದಿರೋ ಹೊತ್ತಲ್ಲೂ ನೋಡ್ತೀನಿ," ಎಂದಳು ಮುದುಕಿ ಹಿಗ್ಗಿನಿಂದ. "ನನ್ನ ಮಗ ಚೀನಾದಿಂದ ತರಿಸಿದಾನೆ, ಅಮ್ಮನಿಗೆ ಬೇಸರ ಆಗಬಾರದು ಅಂತ."

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಆದರೆ ಆ ಜಂತೆಯ ಮೇಲೆ ಇದ್ದದ್ದು ಅವಳದೇ ಬೆವರು.

"ಬೀಬೀ," ಎಂದಳು ಸವ್ಸನ್, ಅಜ್ಜಿ ಎನ್ನುವ ಮರ್ಯಾದೆಯಲ್ಲಿ. "ನಿಮ್ಮ ರೊಟ್ಟಿ ತಿಂದಿದೀನಿ, ಸುಳ್ಳು ಹೇಳಲ್ಲ. ಅವು ಚೀನಾದ್ದಲ್ಲ, ನಾನು ಮಾಡಿದ್ದು. ಮಕ್ಕಳ ಲಸಿಕೆ ಇಡೋ ಆಸ್ಪತ್ರೆ ಮೇಲಿಂದ ನಿಮ್ಮ ಮಗ ಬಿಚ್ಕೊಂಡು ಬಂದಿದ್ದು."

ಮುದುಕಿಯ ಮುಖ ಬಿಗಿಯಿತು. "ನನ್ನ ಮನೇಲಿ ಕೂತು ನನ್ನ ಮಗನ್ನ ಕಳ್ಳ ಅಂತೀಯಾ?"

"ಹೊರಗೆ ಬನ್ನಿ. ನಾನು ಮೇಲೆ ನೋಡಲ್ಲ, ಬೆನ್ನು ಹಾಕಿ ನಿಲ್ತೀನಿ. ಕಿತ್ತಳೆ ಬಣ್ಣದ ಚೌಕಟ್ಟು ಒಂದಿದೆ, ಅದು ನಮ್ಮ ಶಾಲೆ ಕಿಟಕಿದು. ಅದರಲ್ಲಿ ಎರಡನೇ ಸಾಲು, ಎಡಗಡೆಯಿಂದ ಐದನೇದು ಎರಡು ತುಂಡು ಸೇರ್ಸಿದ್ದು. ಅದರ ಕೆಳಗಿಂದು ಬಲ ಮೂಲೆ ಮುರಿದದ್ದು. ಹೌದೋ ಅಲ್ವೋ ನೀವೇ ಹೇಳಿ."

ಮುದುಕಿ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಗಾಳಿಯಲ್ಲೇ ಎಣಿಸಿದಳು. ಆಮೇಲೆ ಒಳಗೆ ಹೋಗಿ ಫೋನು ಹಿಡಿದು, ಮಗನನ್ನು ಮನೆಗೆ ಬಾ ಎಂದು ಕರೆದಳು.

ಸೈಮುದ್ದೀನ್ ಕಾರಿನಿಂದ ಇಳಿದವನೇ ಸವ್ಸನ್‌ಳನ್ನು ಕಂಡು ಬಾಗಿಲ ಬಳಿಯೇ ನಿಂತ.

"ಅದೂ... ಗೋದಾಮಲ್ಲಿ ಜಾಗ ಇರಲಿಲ್ಲ ಅಮ್ಮಾ. ಜೋಪಾನವಾಗಿರ್ಲಿ ಅಂತ ಇಲ್ಲಿ ಇಟ್ಟೆ."

"ಜೋಪಾನ ಮಾಡೋದು ಅಂದ್ರೆ ವೈರು ಎಳೆದು ಟಿವಿ ಹಾಕೋದಾ?" ಸವ್ಸನ್‌ಳ ದನಿ ಬೀದಿಗೆ ಕೇಳುವಷ್ಟು ಏರಿತು. "ಬೆಂಕಿ ಹತ್ತುತ್ತೆ ಅಂದ್ಯಲ್ಲ, ಹೆತ್ತ ತಾಯಿ ತಲೆ ಮೇಲೆ ಬೆಂಕಿ ಇಟ್ಟಿದ್ಯಾ? ಹತ್ತಲ್ಲ ಅಂತ ಗೊತ್ತಿದ್ರೆ ನಮ್ಮ ಮಕ್ಕಳ ಬಾಯಿಂದ ಯಾಕೆ ಕಿತ್ಕೊಂಡೆ? ಎರಡರಲ್ಲಿ ಒಂದು ಹೇಳು! ಅದೂ ಹೋಗಲಿ, ಮರದ ನೆರಳಿಗೆ ಇಟ್ಟಿದೀಯಲ್ಲೋ. ಒಂದು ಸೆಲ್ಲಿಗೆ ನೆರಳು ಬಿದ್ರೆ ಇಡೀ ಸಾಲು ಸತ್ತ ಹಾಗೆ. ಕದ್ದ ಮೇಲೆ ಬಳಸೋಕಾದ್ರೂ ಬರಬೇಕು!"

ಗೇಟಿನ ಹೊರಗೆ ಆಶೂರ್ ಕಿಸಕ್ಕನೆ ನಕ್ಕ. ಮುದುಕಿ ನಗಲಿಲ್ಲ. "ದಡಾರ ಬಂದ ಮಗು ನಿಮ್ಮೂರಿಂದೇನಾ? ನಿನ್ನೆ ಪಕ್ಕದ ಮನೆಯವಳು ಹೇಳ್ತಿದ್ಲು," ಎಂದು ಸವ್ಸನ್‌ಳನ್ನು ಕೇಳಿದಳು. ಸವ್ಸನ್ ತಲೆಯಾಡಿಸಿದಳು. ಮುದುಕಿ ಮಗನ ಕಡೆ ತಿರುಗಿದಳು. "ಮಾಡು ಹತ್ತು. ಆಳನ್ನ ಕರೀಬೇಡ, ನೀನೇ ಹತ್ತು."

ಕೋಟು ತೊಟ್ಟ ಇನ್‌ಸ್ಪೆಕ್ಟರ್ ಅಕ್ಕಪಕ್ಕದವರೆಲ್ಲ ನೋಡುತ್ತಿರುವಂತೆ ತನ್ನ ಮಾಡು ಹತ್ತಿದ. ಮೂರನ್ನು ಸರಿಯಾಗಿ ಇಳಿಸಿದ. ನಾಲ್ಕನೆಯದು ಕೈ ಜಾರಿ ಅಂಗಳದ ಕಲ್ಲಿಗೆ ಬಡಿದು ಗಾಜು ಪುಡಿಯಾಯಿತು. ಸವ್ಸನ್ ಅದರ ಚೂರುಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಉಳಿದ ಸೆಲ್‌ಗಳನ್ನು ಒಂದೊಂದಾಗಿ ಬಿಡಿಸಿ ತಲೆವಸ್ತ್ರದಲ್ಲಿ ಕಟ್ಟಿಕೊಂಡಳು. ಕೋಪದಲ್ಲಿ ಎಳೆದದ್ದಕ್ಕೆ ಎರಡು ಅಲ್ಲೇ ಮುರಿದವು. ಮುದುಕಿ ತನ್ನ ಹಾಸಿಗೆಯ ಕೌದಿಗಳನ್ನೇ ತಂದು ಪ್ಯಾನೆಲ್‌ಗಳಿಗೆ ಸುತ್ತಿದಳು. ಅವಳ ಕಣ್ಣು ತುಂಬಿತ್ತು. ಸವ್ಸನ್ ಆ ಕೈಯನ್ನು ಕಣ್ಣಿಗೊತ್ತಿಕೊಂಡು ಕಾರು ಹತ್ತಿದಳು.

ಮೂರು ಪ್ಯಾನೆಲ್ ಮತ್ತೆ ಆಸ್ಪತ್ರೆಯ ಮೇಲೇರಿದವು. ಅಷ್ಟಕ್ಕೆ, ದೀಪ ಆರಿಸಿದರೆ ಫ್ರಿಜ್ಜು ಓಡುತ್ತಿತ್ತು. ಹೊಸ ಲಸಿಕೆ ಬಂತು. ಝೇವರ್‌ಳ ಕೂಸು ಬದುಕಿ ಮನೆಗೆ ಬಂತು, ಆದರೆ ಎಡಗಿವಿ ಕೇಳದಂತಾಗಿತ್ತು.

ತಿಂಗಳು ತುಂಬುವ ಮೊದಲೇ ಸೈಮುದ್ದೀನ್ ಬಂದ. ಒಂದು ಕೈಯಲ್ಲಿ ಸಕ್ಕರೆ ಪೊಟ್ಟಣ, ಇನ್ನೊಂದರಲ್ಲಿ ಸೀಲು ಬಿದ್ದ ಸರ್ಟಿಫಿಕೇಟು.

"ಆರು ತಿಂಗಳು ಅಂದಿದ್ದೆ?" ಎಂದಳು ಸವ್ಸನ್. ಪ್ಯಾನೆಲ್ ಒಂದೂ ರಾಜಧಾನಿಗೆ ಹೋಗಿರಲಿಲ್ಲ. ಸೀಲು ಇಷ್ಟು ದಿನವೂ ತನ್ನ ಮೇಜಿನ ಡ್ರಾಯರಿನಲ್ಲೇ ಇತ್ತು ಎಂದು ಅವನೇ ಒಪ್ಪಿಕೊಂಡಾಗ ಅವಳಿಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು.

"ತಪ್ಪಾಯ್ತು ಖೋಲಾ. ಅಮ್ಮ ನನ್ನ ಜೊತೆ ಮಾತಾಡ್ತಿಲ್ಲ. ನೀವು ಕ್ಷಮಿಸಿದ್ರಿ ಅಂತ ಒಂದು ಮಾತು..."

"ಮೂರನೇ ಮನೆ ಝೇವರ್‌ದು. ಸಕ್ಕರೆ ಅಲ್ಲಿಗೆ ತಗೊಂಡು ಹೋಗು. ಮಗುವಿನ ಎಡಗಿವಿ ಹತ್ರ ಕೂಗಿ ಹೇಳು ತಪ್ಪಾಯ್ತು ಅಂತ. ಕೇಳಿಸ್ತು ಅಂದ್ರೆ ನಾನೂ ಕ್ಷಮಿಸ್ತೀನಿ."

ಅವನು ಆ ಮನೆಯ ಕಡೆ ನೋಡಿದ. ಸಕ್ಕರೆಯನ್ನು ಸವ್ಸನ್ ಮನೆಯ ಜಗಲಿಯ ಮೇಲಿಟ್ಟು ಕಾರು ತಿರುಗಿಸಿಕೊಂಡು ಹೋದ.

ಸರ್ಟಿಫಿಕೇಟಿನಲ್ಲಿ "ತಯಾರಿಸಿದವರು" ಎಂಬಲ್ಲಿ "ತಿಳಿದಿಲ್ಲ" ಎಂದು ಬರೆದಿತ್ತು. ಸವ್ಸನ್ ಪೆನ್ನು ತೆಗೆದು ಅದನ್ನು ಹೊಡೆದು ಹಾಕಿದಳು.

"ಅಯ್ಯೋ, ಸರ್ಕಾರಿ ಕಾಗದ ಕಣೇ!" ಎಂದ ಇಸ್ಮತ್.

ಅವಳು ತನ್ನ ಹೆಸರನ್ನೂ ತಂದೆಯ ಹೆಸರನ್ನೂ ದೊಡ್ಡ ಅಕ್ಷರದಲ್ಲಿ ಬರೆದು, ಕಾಗದವನ್ನು ಗುಲಂದೋಮ್‌ಗೆ ಕೊಟ್ಟು ಬಂದಳು. ಮನೆಯ ಬಾಗಿಲಲ್ಲಿ ಕೆಳ ಹಳ್ಳಿಯ ಇಬ್ಬರು ಹೆಂಗಸರು ಕಾದಿದ್ದರು. ತಮ್ಮ ಶಾಲೆಗೂ ಇಂಥದ್ದು ಬೇಕಿತ್ತು, ಮಾಡಿಕೊಡುತ್ತೀರಾ ಎಂದರು.

"ಮಾಡಿಕೊಡಲ್ಲ, ಕಲಿಸ್ತೀನಿ," ಎಂದಳು ಸವ್ಸನ್. "ಕರೆಂಟು ಎಂಟಕ್ಕೆ ಹೋಗುತ್ತೆ. ಬೇಗ ಕೈ ತೊಳ್ಕೊಂಡು ಬನ್ನಿ."